ತಂಪಿನೊಳಗೊಂದು ಪಾತ್ರೆ

ಹಳೆಯ ಫ್ರಿಜ್ಜಿನ ಬಾಗಿಲು ತೆರೆದು, ಒಳಗಿನ ತಟ್ಟೆಗಳನ್ನೆಲ್ಲ ಕಳಚಿಟ್ಟು, ಅಳತೆಪಟ್ಟಿ ಹಿಡಿದು ಮಂಡಿಯೂರಿ ಕುಳಿತ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಹವ್ಯಾಸಕ್ಕಾಗಿ ಮನೆಯಲ್ಲೇ ಬಿಯರ್ ತಯಾರಿಸುವವರ ಮಟ್ಟಿಗೆ ಇದು ಪರಿಚಿತ ದೃಶ್ಯ. ಆತನ ಮುಂದಿರುವ ಪ್ರಶ್ನೆ ಸರಳವಾದದ್ದು: ಬಿಯರ್ ಹುದುಗಲು ಇಡುವ ಪಾತ್ರೆ ಈ ಪೆಟ್ಟಿಗೆಯೊಳಗೆ ಹಿಡಿಸೀತೇ? ಆದರೆ ಪಾತ್ರೆಯನ್ನೂ ತಂಪನ್ನೂ ಹೊಂದಿಸುವ ಈ ಪ್ರಯತ್ನಕ್ಕೆ ನಾಲ್ಕೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಬಿಯರಿಗೆ ತಂಪೇಕೆ ಬೇಕು? ದೋಸೆಹಿಟ್ಟು ರುಬ್ಬಿಡುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ಹಿಟ್ಟು ಉಕ್ಕಿ ಹುಳಿಯಾಗಿರುತ್ತದೆ. ಚಳಿಗಾಲದಲ್ಲಿ ಒಲೆಯ ಪಕ್ಕಕ್ಕಿಟ್ಟರೂ ಏಳುವುದಿಲ್ಲ. ಬಿಯರಿನ ವಿಷಯವೂ ಹೆಚ್ಚುಕಡಮೆ ಹೀಗೆಯೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ರಸಕ್ಕೆ ಯೀಸ್ಟ್ ಬೆರೆಸಿದರೆ, ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ. ಜೊತೆಗೆ ಶಾಖವನ್ನೂ ಹೊರಹಾಕುತ್ತದೆ. ಆದ್ದರಿಂದ ಹುದುಗುವ ಬಿಯರು ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಈ ಬಿಸಿ ಮಿತಿಮೀರಿದರೆ ಗಂಟಲು ಸುಡುವ ಒರಟು ಮದ್ಯಸಾರಗಳೂ ಬೇಡವಾದ ವಾಸನೆಗಳೂ ಹುಟ್ಟಿಕೊಳ್ಳುತ್ತವೆ. ‘ಏಲ್’ ಎಂಬ ಬಗೆಗೆ ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ. ‘ಲಾಗರ್’ ಎಂಬುದಕ್ಕೆ ಬೇಕಾದದ್ದು 8ರಿಂದ 13 ಡಿಗ್ರಿ. ಹುದುಗಿದ ಮೇಲೆ ಅದನ್ನು ಇನ್ನೂ ತಣ್ಣಗಿನ ಜಾಗದಲ್ಲಿ ವಾರಗಟ್ಟಲೆ ಮಾಗಿಸಬೇಕು. ಜರ್ಮನ್ ಭಾಷೆಯಲ್ಲಿ ಆ ಹೆಸರಿನ ಮೂಲಾರ್ಥವೇ ದಾಸ್ತಾನು.

ಬೇಸಿಗೆಗೆ ನಿಷೇಧ

ಯಂತ್ರಗಳಿಲ್ಲದ ಕಾಲದಲ್ಲಿ ತಂಪು ಸಿಗುತ್ತಿದ್ದದ್ದು ಎರಡೇ ಕಡೆ: ಚಳಿಗಾಲದಲ್ಲಿ ಮತ್ತು ನೆಲದಡಿಯಲ್ಲಿ. ದಕ್ಷಿಣ ಜರ್ಮನಿಯ ಬವೇರಿಯದ ದೊರೆ ಐದನೆಯ ಆಲ್ಬ್ರೆಕ್ಟ್ 1553ರಲ್ಲಿ ಒಂದು ಕಟ್ಟಳೆ ಹೊರಡಿಸಿದ. ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ತಯಾರಿಸಕೂಡದು. ಬೇಸಿಗೆಯ ಬಿಯರು ಬೇಗ ಕೆಡುತ್ತದೆಂಬುದು ಅನುಭವದಿಂದ ಗೊತ್ತಿತ್ತು. ಏಕೆಂಬುದು ಯಾರಿಗೂ ತಿಳಿದಿರಲಿಲ್ಲ. ಹೀಗೆ ಚಳಿಯಲ್ಲೇ ಹುದುಗಿಸುತ್ತ ಬಂದದ್ದರಿಂದ, ಚಳಿಗೆ ಒಗ್ಗಿದ ಯೀಸ್ಟೇ ಅಲ್ಲಿ ಮೇಲುಗೈ ಪಡೆಯಿತು.

ಬೇಸಿಗೆಗೆ ಬೇಕಾದ ಬಿಯರನ್ನು ಮಾರ್ಚಿಯೊಳಗೇ ತಯಾರಿಸಿಟ್ಟುಕೊಳ್ಳಬೇಕಾಗಿತ್ತು. ಅದಕ್ಕಾಗಿ ಮ್ಯೂನಿಕ್ಕಿನ ತಯಾರಕರು ಆಳವಾದ ನೆಲಮಾಳಿಗೆಗಳನ್ನು ತೋಡಿದರು. ಮೇಲಿನ ನೆಲ ಕಾಯದಿರಲೆಂದು ಜಲ್ಲಿ ಹರಡಿ, ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ನೆಳಲಿದ್ದಲ್ಲಿ ಜನ ಕೂರದಿರುತ್ತಾರೆಯೇ? 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಆ ಮಾಳಿಗೆಗಳ ಬಳಿಯೇ ಬಿಯರ್ ಮಾರಲು ಅನುಮತಿ ಕೊಟ್ಟ. ಇಂದು ಪ್ರವಾಸಿಗರು ಮುಗಿಬೀಳುವ ಮ್ಯೂನಿಕ್ಕಿನ ಬಿಯರ್ ತೋಟಗಳು ಹುಟ್ಟಿದ್ದು ಪಾತ್ರೆಯನ್ನು ತಂಪಾಗಿಡುವ ಈ ಉಪಾಯದಿಂದ.

ಭಾರತಕ್ಕೆ ಬಂದ ಬ್ರಿಟಿಷರೂ ಮೊದಲು ಹುಡುಕಿದ್ದು ತಂಪು ನೆಲವನ್ನೇ. 19ನೆಯ ಶತಮಾನದಲ್ಲಿ ಹಿಮಾಲಯದ ತಪ್ಪಲಿನ ಕಸೌಲಿ, ಮುರ್ರೀ ಮತ್ತು ದಕ್ಷಿಣದ ನೀಲಗಿರಿಯಲ್ಲಿ ಬಿಯರ್ ಕಾರ್ಖಾನೆಗಳು ತಲೆಯೆತ್ತಿದವು. ಪ್ರಸ್ಥಭೂಮಿಯ ಮೇಲಿನ ಬೆಂಗಳೂರಿನಲ್ಲೂ ಬಂದವು. ದಕ್ಷಿಣದ ಇಂಥ ಐದು ಕಾರ್ಖಾನೆಗಳನ್ನು ಒಗ್ಗೂಡಿಸಿ 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಕಟ್ಟಿದ ಸಂಸ್ಥೆಯೇ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್.

ಪಾತ್ರೆ ಹಿಗ್ಗಿದಷ್ಟೂ ಬಿಸಿ

ಪಾತ್ರೆಯ ಗಾತ್ರವೂ ಇಲ್ಲಿ ಮುಖ್ಯ. ಪಾತ್ರೆಯ ಎಲ್ಲ ಅಳತೆಗಳನ್ನೂ ಇಮ್ಮಡಿ ಮಾಡಿದರೆ ಅದರಲ್ಲಿ ಹಿಡಿಸುವ ರಸ ಎಂಟು ಪಟ್ಟಾಗುತ್ತದೆ, ಶಾಖವನ್ನು ಹೊರಬಿಡುವ ಮೈ ಮಾತ್ರ ನಾಲ್ಕೇ ಪಟ್ಟು. ಹಾಗಾಗಿ ದೊಡ್ಡ ಪಾತ್ರೆ ತನ್ನ ಬಿಸಿಯನ್ನು ತಾನೇ ಕೂಡಿಟ್ಟುಕೊಳ್ಳುತ್ತದೆ. 18ನೆಯ ಶತಮಾನದ ಲಂಡನ್ನಿನ ಕಾರ್ಖಾನೆಗಳು ದೊಡ್ಡದಾದಂತೆ ಈ ಸಮಸ್ಯೆಯೂ ದೊಡ್ಡದಾಯಿತು. ಬೆರಳದ್ದಿ ಬಿಸಿ ನೋಡುವ ಕಾಲ ಹೋಗಿ ಉಷ್ಣಮಾಪಕ ಬಂತು. ಮೈಕೆಲ್ ಕಾಂಬ್ರೂನ್ 1762ರಲ್ಲಿ ಬರೆದ ಪುಸ್ತಕ ಬಿಯರ್ ತಯಾರಿಕೆಯಲ್ಲಿ ಅದರ ಬಳಕೆಯನ್ನು ವಿವರಿಸಿತು. ಶತಮಾನದ ಕೊನೆಯ ಹೊತ್ತಿಗೆ ತೊಟ್ಟಿಯೊಳಗೆ ಸುರುಳಿ ಕೊಳವೆ ಇಳಿಬಿಟ್ಟು ತಣ್ಣೀರು ಹರಿಸುವ ಕ್ರಮವೂ ಬಂತು. ಅಂದರೆ ಪಾತ್ರೆಯನ್ನು ತಂಪಿಗೆ ಒಯ್ಯುವ ಬದಲು ತಂಪನ್ನೇ ಪಾತ್ರೆಗೆ ತರುವ ಮೊದಲ ಹೆಜ್ಜೆ ಇದು.

ಪುಟ್ಟ ಪಾತ್ರೆಯ ಕಥೆಯೂ ಒಂದಿದೆ. ಡೆನ್ಮಾರ್ಕಿನ ಜೆ.ಸಿ. ಜೇಕಬ್‌ಸನ್ 1845ರಲ್ಲಿ ಮ್ಯೂನಿಕ್ಕಿನಿಂದ ಲಾಗರ್ ಯೀಸ್ಟನ್ನು ಕೋಪನ್‌ಹೇಗನ್ನಿಗೆ ಒಯ್ದ. ದಾರಿಯಲ್ಲಿ ಕುದುರೆಗಾಡಿ ನಿಂತಲ್ಲೆಲ್ಲ ಇಳಿದು, ಯೀಸ್ಟಿನ ಡಬ್ಬಿಗೆ ತಣ್ಣೀರು ಸುರಿದುಕೊಂಡು ಹೋದನೆಂದು ಹೇಳುತ್ತಾರೆ. ಆತನ ಮೊದಲ ಪ್ರಯೋಗಗಳು ನಡೆದದ್ದು ತಾಯಿಯ ಬಟ್ಟೆ ಒಗೆಯುವ ಹಂಡೆಯಲ್ಲಂತೆ! ಎರಡು ವರ್ಷಗಳ ಬಳಿಕ ಆತ ಸ್ಥಾಪಿಸಿದ್ದೇ ಕಾರ್ಲ್ಸ್‌ಬರ್ಗ್. ಅಲ್ಲಿನ ಪ್ರಯೋಗಾಲಯದಲ್ಲಿ 1883ರಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕಣದಿಂದ ಶುದ್ಧ ತಳಿಯನ್ನು ಬೆಳೆಸಿ ತೋರಿಸಿದ.

ಯಂತ್ರದ ಚಳಿಗಾಲ

ನಿಜವಾದ ಕ್ರಾಂತಿ ಬಂದದ್ದು ಮ್ಯೂನಿಕ್ಕಿನ ಪ್ರಾಧ್ಯಾಪಕ ಕಾರ್ಲ್ ಫಾನ್ ಲಿಂಡೆಯಿಂದ. ಅಲ್ಲಿಯವರೆಗೆ ತಯಾರಕರು ಕೆರೆ-ನದಿಗಳ ಮಂಜುಗಡ್ಡೆಯನ್ನು ಕೊಯ್ದು ಮಾಳಿಗೆಗಳಲ್ಲಿ ರಾಶಿ ಹಾಕಿಕೊಳ್ಳುತ್ತಿದ್ದರು. ಚಳಿಗಾಲ ಕೈಕೊಟ್ಟರೆ ವರ್ಷದ ವ್ಯಾಪಾರವೇ ಹಾಳು. ಯಂತ್ರದಿಂದ ಶಾಖ ತೆಗೆಯುವ ಬಗ್ಗೆ ಲಿಂಡೆ ಬರೆದ ಲೇಖನ ಕಂಡು ಆತನ ಬೆಂಬಲಕ್ಕೆ ನಿಂತವರು ಬಿಯರ್ ತಯಾರಕರೇ. ಮ್ಯೂನಿಕ್ಕಿನ ಸ್ಪಾಟನ್ ಕಾರ್ಖಾನೆಯಲ್ಲಿ 1870ರ ದಶಕದಲ್ಲಿ ಪ್ರಯೋಗ ನಡೆಯಿತು. 1876ರ ವೇಳೆಗೆ ಅಮೋನಿಯ ಬಳಸುವ, ಭರವಸೆಯ ಯಂತ್ರ ಸಿದ್ಧವಾಯಿತು. 1879ರಲ್ಲಿ ಲಿಂಡೆ ಪ್ರಾಧ್ಯಾಪಕ ಹುದ್ದೆ ಬಿಟ್ಟು ಕಂಪನಿ ಕಟ್ಟಿದ. ಅದೇ ತತ್ವದ ಮರಿಯಂತ್ರವೇ ಇಂದು ನಮ್ಮ ಅಡುಗೆಮನೆಯಲ್ಲಿ ಗುಂಯ್‌ಗುಡುತ್ತಿರುವುದು.

ಈಗ ಎಲ್ಲ ಋತುವಿನಲ್ಲೂ, ಎಲ್ಲ ಊರಿನಲ್ಲೂ ಲಾಗರ್ ಸಾಧ್ಯವಾಯಿತು. ಆದರೆ ಯಂತ್ರ ದುಬಾರಿ. ಕೊಳ್ಳಬಲ್ಲವನು ಬೆಳೆದ, ಕೊಳ್ಳಲಾರದವನು ಮುಚ್ಚಿದ. ಅಮೆರಿಕದಲ್ಲಿ 1873ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚಿದ್ದ ಬಿಯರ್ ಕಾರ್ಖಾನೆಗಳು 1970ರ ದಶಕದ ಕೊನೆಗೆ ನೂರರ ಆಸುಪಾಸಿಗಿಳಿದವು. ರೈಲು, ಬಾಟಲಿ, 1920ರಿಂದ 1933ರವರೆಗಿನ ಪಾನನಿರೋಧ, ಎಲ್ಲವೂ ಇದಕ್ಕೆ ಕಾರಣ. ಶೈತ್ಯಯಂತ್ರದ ಪಾಲೂ ಸಣ್ಣದಲ್ಲ. ಒಂದು ಕಾಲಕ್ಕೆ ಯೂರೋಪಿನ ಮನೆಮನೆಯ ಹೆಂಗಸರ ಕೈಗೆಲಸವಾಗಿದ್ದ ಬಿಯರು ಕಾರ್ಖಾನೆಯ ಎತ್ತರದ ಉಕ್ಕಿನ ತೊಟ್ಟಿಗಳೊಳಗೆ ಸೇರಿಹೋಯಿತು.

ಮತ್ತೆ ಮನೆಗೆ

ಕಾನೂನು ಸಡಿಲಗೊಂಡದ್ದು ತಡವಾಗಿ. ಬ್ರಿಟನ್ 1963ರಲ್ಲಿ ಮನೆಯ ಬಿಯರಿಗಿದ್ದ ಪರವಾನಗಿಯನ್ನು ತೆಗೆದುಹಾಕಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಂಬಂಧಿಸಿದ ಮಸೂದೆಗೆ ಸಹಿ ಹಾಕಿದರು. (ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದ ತಯಾರಿಕೆ ಅಪರಾಧ.) ಮೊದಮೊದಲು ಹವ್ಯಾಸಿಗಳ ಬಿಯರು ಹವೆಯ ಮರ್ಜಿಯಲ್ಲಿತ್ತು. ಬೇಸಿಗೆಯಲ್ಲಿ ಒದ್ದೆ ಬಟ್ಟೆ ಸುತ್ತುವುದು, ನೀರಿನ ತೊಟ್ಟಿಯಲ್ಲಿ ನಿಲ್ಲಿಸುವುದು, ಇವೇ ಉಪಾಯ. ಆಮೇಲೆ ಮೂಲೆ ಸೇರಿದ ಹಳೆಯ ಫ್ರಿಜ್ಜು ನೆನಪಾಯಿತು. ಫ್ರಿಜ್ಜಿನ ಸ್ವಂತ ನಿಯಂತ್ರಕ ಬಿಯರಿಗೆ ಅತಿ ತಂಪು; ಹಾಗಾಗಿ ಬೇಕಾದ ಉಷ್ಣತೆಗೆ ವಿದ್ಯುತ್ತನ್ನು ಹಚ್ಚಿ ಆರಿಸುವ ಪುಟ್ಟ ಸಾಧನವೊಂದನ್ನು ಹೊರಗಿನಿಂದ ಜೋಡಿಸುತ್ತಾರೆ. ಅದರ ಸಂವೇದಕವನ್ನು ಗಾಳಿಯಲ್ಲಿ ತೂಗುಬಿಡದೆ ಪಾತ್ರೆಯ ಮೈಗೇ ಅಂಟಿಸಬೇಕು. ಅಳೆಯಬೇಕಾದದ್ದು ಬಿಯರಿನ ಬಿಸಿಯನ್ನಲ್ಲವೇ?

ಇನ್ನು ಪಾತ್ರೆಯ ಆಯ್ಕೆ. ಸಾಮಾನ್ಯ ಕಂತು 19 ಅಥವಾ 23 ಲೀಟರ್. ನೊರೆ ಉಕ್ಕುವುದರಿಂದ 23 ಲೀಟರಿಗೆ 30 ಲೀಟರಿನ ಪಾತ್ರೆ ಕ್ಷೇಮ. ಪ್ಲಾಸ್ಟಿಕ್ ಬಕೆಟ್ಟು ಅಗ್ಗ, ಹಗುರ. ಆದರೆ ಅಗಲ ಹೆಚ್ಚು. ಗಾಜಿನ ಬುರುಡೆ ಅಂದವಾದರೂ ಭಾರ, ಜಾರಿದರೆ ಅಪಾಯ. ಶಂಕುವಿನಾಕಾರದ ಉಕ್ಕಿನ ಪಾತ್ರೆಗೆ ಕಾಲುಗಳಿರುವುದರಿಂದ ಎತ್ತರ ಸಾಲದೆ ಹೋಗಬಹುದು. ತಂಪು ಪಾನೀಯದ ಕಂಪನಿಗಳು ಬಳಸಿ ಬಿಟ್ಟ 19 ಲೀಟರಿನ ಉಕ್ಕಿನ ಉರುಳೆಗಳು ಬಹಳ ಮಂದಿಗೆ ಮೆಚ್ಚು. ಅವು ಸುಮಾರು 22 ಸೆಂಟಿಮೀಟರ್ ಅಗಲ, 63 ಸೆಂಟಿಮೀಟರ್ ಎತ್ತರ, ಇಕ್ಕಟ್ಟಿನಲ್ಲೂ ನಿಲ್ಲುತ್ತವೆ. ನೊರೆಗೆ ಜಾಗ ಬಿಡಬೇಕಾದ್ದರಿಂದ ಅವುಗಳಲ್ಲಿ ಹುದುಗಿಸುವ ಬಿಯರು ಸ್ವಲ್ಪ ಕಡಮೆಯಾಗುತ್ತದೆ, ಅಷ್ಟೆ.

ಅಳತೆ ಹಿಡಿಯುವಾಗ ಮೋಸಹೋಗುವುದು ಎರಡು ಕಡೆ. ಅನೇಕ ಫ್ರಿಜ್ಜುಗಳ ಹಿಂದೆ ಕೆಳಗಡೆ ಯಂತ್ರ ಕೂರುವ ಉಬ್ಬಿರುತ್ತದೆ. ಮೇಲೆ ಸಿಕ್ಕ ಆಳ ನೆಲದ ಮೇಲೆ ಸಿಗುವುದಿಲ್ಲ. ಪಾತ್ರೆಯ ಬಾಯಿಗೆ ಸಿಕ್ಕಿಸುವ, ಅನಿಲ ಹೊರಬಿಡುವ ನಳಿಕೆಯ ಎತ್ತರವನ್ನೂ ಮರೆಯುವಂತಿಲ್ಲ. ಜಾಗ ಮಾಡಲು ಒಳಗೋಡೆ ಕೊರೆಯಹೊರಟರೆ ಶೀತಕದ ಕೊಳವೆಗೇ ತೂತು ಬಿದ್ದೀತು. ತುಂಬಿದ ಪಾತ್ರೆ 25 ಕಿಲೋ ಮೀರುವುದರಿಂದ ಅದನ್ನು ಎತ್ತಿ ಇಡುವ ಬಗೆಯನ್ನೂ ಮೊದಲೇ ಯೋಚಿಸಿಕೊಳ್ಳಬೇಕು.

ಲಾಗರಿನ ಯೀಸ್ಟ್ ಎರಡು ತಳಿಗಳ ಮಿಶ್ರಣವೆಂದು ವಿಜ್ಞಾನಿಗಳಿಗೆ ಗೊತ್ತಿತ್ತು. ಚಳಿ ತಾಳುವ ಗುಣ ಕೊಟ್ಟ ಕಾಡು ಪೂರ್ವಜ 2011ರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡಿನಲ್ಲಿ ಪತ್ತೆಯಾಯಿತು. ಬಳಿಕ ಟಿಬೆಟ್ಟಿನಲ್ಲೂ ಸಿಕ್ಕಿತು. ಇದನ್ನೇನೂ ಅರಿಯದ ಬವೇರಿಯದ ದೊರೆ ಪಂಚಾಂಗ ನೋಡಿ ಬಿಯರಿಗೆ ಋತು ಗೊತ್ತುಮಾಡಿದ. ಲಿಂಡೆಯ ಯಂತ್ರ ಆ ಋತುವನ್ನು ಕಾರ್ಖಾನೆಯ ಒಡೆಯನ ಕೈಗೆ ಕೊಟ್ಟಿತು. ಮನೆಯಿಂದ ಬಿಯರನ್ನು ಹೊರಗೆಳೆದ ಆ ಯಂತ್ರವೇ ಪುಟ್ಟದಾಗಿ, ಅಗ್ಗವಾಗಿ, ಕೊನೆಗೆ ಹಳತಾಗಿ ಅದನ್ನು ಮರಳಿ ಮನೆಗೆ ತಂದುಕೊಟ್ಟಿದೆ. ಈಗ ಉಳಿದಿರುವ ಪ್ರಶ್ನೆ ಒಂದೇ: ಪಾತ್ರೆ ಒಳಗಿಟ್ಟ ಮೇಲೆ ಬಾಗಿಲು ಮುಚ್ಚುತ್ತದೆಯೇ?