ಪೇಟಿಯಿಂದ ಪ್ಯಾಡಿಗೆ: ಭೀಮಾ ದಂಡೆಯ ಯಂತ್ರವಾದ್ಯದ ಹಾಡು

ಎಲೆಕ್ಟ್ರಾನಿಕ್ ಸಂಗೀತ ಅಂದಕೂಡಲೇ ಬೆಂಗಳೂರಿನ ಸ್ಟುಡಿಯೋ, ಕಂಪ್ಯೂಟರ್, ಹೆಡ್‌ಫೋನ್ ಏರಿಸಿಕೊಂಡ ಹುಡುಗರು ಕಣ್ಣಮುಂದೆ ಬರುತ್ತಾರೆ. ಕಲಬುರಗಿ ಸೀಮೆಯ ಮಾತು ಬಂದರೆ ಮಾತ್ರ ವರಸೆ ಬೇರೆ: ಕೀಬೋರ್ಡು, ಪ್ಯಾಡು ಬಂದು ತತ್ವಪದ, ಭಜನೆ, ಜನಪದ ಎಲ್ಲ ಕೆಟ್ಟವು ಎಂಬ ನಿಟ್ಟುಸಿರು. ವಿಚಾರ ಸಂಕಿರಣಗಳಲ್ಲಿ ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜಾತ್ರೆ, ಉರುಸು, ಭಜನಾ ಕಟ್ಟೆಗಳಲ್ಲಿ ಮೂವತ್ತು ವರ್ಷ ಕೀಬೋರ್ಡಿನ ಮುಂದೆ ಕೂತವನು ನಾನು. ಯಂತ್ರದ ಮೇಲೆ ಪದವನ್ನು ಹೇಗೆ ಕಟ್ಟಬೇಕು ಎಂಬುದನ್ನು ಇಲ್ಲಿನ ವಾದಕರು ಯಾವ ಶಾಲೆಗೂ ಹೋಗದೆ ಕಂಡುಕೊಂಡರು. ಆ ಕೆಲಸವನ್ನು ಯಾರೂ ಬರೆದಿಡಲಿಲ್ಲ.

ಹಿಂದಿನದನ್ನು ಬೇಗ ಹೇಳಿಬಿಡುತ್ತೇನೆ. 1954ರ ‘ನಾಗಿನ್’ ಚಿತ್ರದಲ್ಲಿ ಪುಂಗಿಯಂತೆ ಕೇಳಿದ ನಾದ ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದ್ದು, ನುಡಿಸಿದವರು ಕಲ್ಯಾಣಜಿ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ಕೂರಿಸಿದರು; ಗೀತಾ ಸಾರಾಭಾಯಿ ಮೊದಲಾದವರು ಅದರ ನಾದವನ್ನು ಟೇಪಿಗೆ ಹಿಡಿದರು. ಕೊಳಲು ಬಲ್ಲ ಇಂಜಿನಿಯರ್ ಜಿ. ರಾಜ್ ನಾರಾಯಣ್ 1979ರ ಸುಮಾರಿಗೆ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಮುಂದೆ ಅವರ ರೇಡೆಲ್ ಕಂಪನಿಯಿಂದ ‘ತಾಲ್‌ಮಾಲಾ’ ಎಂಬ ತಬಲಾ ಯಂತ್ರವೂ ಬಂತು. ನಮ್ಮ ಹಾಡಿನ ಅಗತ್ಯ ನೋಡಿ ನಮ್ಮವರೇ ಮಾಡಿದ ಯಂತ್ರಗಳಿವು. ಅವಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಮುಂಬೈ ಸಿನಿಮಾ ವಾದಕ ಚರಣಜಿತ್ ಸಿಂಗ್ 1982ರಲ್ಲಿ ರೋಲೆಂಡ್ ಕಂಪನಿಯ ಮೂರು ಯಂತ್ರ ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿದರು. 2010ರಲ್ಲಿ ಆ ಧ್ವನಿತಟ್ಟೆ ಮತ್ತೆ ಹೊರಬಂದಾಗ ಅಮೆರಿಕದ ಶಿಕಾಗೋದಲ್ಲಿ ಹುಟ್ಟಿದ ‘ಆಸಿಡ್ ಹೌಸ್’ ನೃತ್ಯಸಂಗೀತಕ್ಕಿಂತ ಮುಂಚಿನದು ಎಂದು ಜಗತ್ತು ಕೊಂಡಾಡಿತು. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಕಟ್ಟುವ ಬಗೆ. ಟಿಆರ್-808 ತಾಳಯಂತ್ರದಲ್ಲಿ ಹದಿನಾರು ಮೆಟ್ಟಿಲು. ಕೆಹರವಾದ ಎಂಟು ಮಾತ್ರೆಗೆ ಮಾತ್ರೆಗೆರಡರಂತೆ ಹಂಚಿದರೆ ಹದಿನಾರೂ ತುಂಬುತ್ತವೆ. ದಾದರಾದ ಆರಕ್ಕೆ ಹನ್ನೆರಡು ಸಾಕು. ತಾಳವನ್ನು ಹೀಗೆ ಮೆಟ್ಟಿಲಿಗೆ ಕೂರಿಸಬಹುದು. ರಾಗ ಮಾತ್ರ ಮೆಟ್ಟಿಲ ಮೇಲೆ ಕೂರುವುದಿಲ್ಲ, ಕೈಯಿಂದಲೇ ಬರಬೇಕು. ಈ ಪಾಠವನ್ನು ನಾವು ಭಜನಾ ಕಟ್ಟೆಯಲ್ಲಿ ಬೇರೆ ದಾರಿಯಿಂದ ಕಲಿತೆವು.

ನಮ್ಮ ಕಡೆ ಮೊದಲು ಬಂದ ಯಂತ್ರ ಪೇಟಿ, ಅಂದರೆ ಹಾರ್ಮೋನಿಯಂ. ಅದೂ ಪರದೇಶದ್ದೇ. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, ನಿರ್ಬಂಧ ಸಡಿಲಾದದ್ದು 1971ರಲ್ಲಿ. ಗುಲಬರ್ಗಾ ಆಕಾಶವಾಣಿ 1966ರಲ್ಲಿ ಆರಂಭವಾದಾಗ ನಮ್ಮೂರ ಭಜನೆಯ ಜೀವವಾಗಿದ್ದ ಪೇಟಿಗೆ ರೇಡಿಯೋದಲ್ಲಿ ಬಾಗಿಲು ತೆರೆದಿರಲಿಲ್ಲ. ಗಮಕ ಬಾರದ ಪೆಟ್ಟಿಗೆ ಎಂದು ಅಂದು ಪೇಟಿಯನ್ನು ಬೈದರು. ಇಂದು ಅದೇ ಪೇಟಿಯ ಹೆಸರು ಹೇಳಿ ಕೀಬೋರ್ಡನ್ನು ಬೈಯುತ್ತಿದ್ದಾರೆ.

ಈ ಸೀಮೆಯ ಪದದ ಕಟ್ಟು ಗೊತ್ತಿಲ್ಲದೆ ಮುಂದಿನದು ತಿಳಿಯದು. ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯ ಚನ್ನೂರ ಜಲಾಲ ಸಾಹೇಬರು ಹಾಕಿದ ದಾರಿ ಅದು. ಎರಡೂ ಊರು ಹಳೆಯ ಜೇವರ್ಗಿ ತಾಲೂಕಿನವೇ. ಮೊದಲು ಪಲ್ಲ, ಬಳಿಕ ನುಡಿ ನುಡಿಯಾಗಿ ಬಿಚ್ಚಿಕೊಳ್ಳುತ್ತ ಹೋಗಿ ಕೊನೆಯ ನುಡಿಯಲ್ಲಿ ಅಂಕಿತ. ಪಲ್ಲ ಮೇಳದ ಸ್ವತ್ತು, ಎಲ್ಲರೂ ಎತ್ತಿಕೊಳ್ಳುತ್ತಾರೆ. ನುಡಿ ಒಬ್ಬನದು. ನುಡಿಯ ಕೊನೆಯ ಶಬ್ದವನ್ನು ಅವನು ಎಷ್ಟು ಎಳೆಯುತ್ತಾನೆ ಎಂಬುದು ಅವತ್ತಿನ ಅವನ ಉಸಿರಿಗೆ ಬಿಟ್ಟದ್ದು. ಮೊದಲ ನುಡಿಯಿಂದ ಕೊನೆಯ ನುಡಿಗೆ ಬರುವಷ್ಟರಲ್ಲಿ ಲಯ ಗೊತ್ತಾಗದಂತೆ ಏರಿರುತ್ತದೆ.

ನಮ್ಮ ಕೈಗೆ ಬಂದ ಕೀಬೋರ್ಡುಗಳು ಇದಕ್ಕೆ ತದ್ವಿರುದ್ಧ. ‘ಸ್ಟೈಲ್’ ಎಂಬ ಸಿದ್ಧ ಲಯ, ಆರಂಭಕ್ಕೆ ಒಂದು ಗುಂಡಿ, ನಡುವೆ ತುಂಬಲು ಒಂದು, ಮುಗಿತಾಯಕ್ಕೆ ಮತ್ತೊಂದು. ಎಡಗೈ ಕಾರ್ಡ್ ಹಿಡಿದರೆ ಬಾಸು, ಗಿಟಾರು ಎಲ್ಲ ತಾವೇ ಹೊರಡುತ್ತವೆ. ಮುಂದೆ ಯಮಹಾದ ಪಿಎಸ್ಆರ್-ಐ425ರಂಥ ಮಾದರಿಗಳಲ್ಲಿ ಭಾರತದ ಲಯಗಳೂ ಬಂದವು, ಕಟ್ಟು ಮಾತ್ರ ಹಾಗೇ ಉಳಿಯಿತು. ಜೇವರ್ಗಿ ಕಡೆಯ ಒಂದು ಭಜನೆಯಲ್ಲಿ ನಾನು ಮೊದಲ ಸಲ ಲಯ ಹಚ್ಚಿ ಕೂತೆ. ಹಿರಿಯ ಹಾಡುಗಾರರು ನುಡಿಯ ತುದಿಯನ್ನು ಎಳೆಯುತ್ತಿದ್ದರು, ಯಂತ್ರ ತನ್ನ ಪಾಡಿಗೆ ಮುಂದೆ ಓಡಿತು. ಅವರು ಹಾಡು ನಿಲ್ಲಿಸಿ ಅಂದರು: “ತಮ್ಮಾ, ಅದಕ್ಕ ಸ್ವಲ್ಪ ನಿಂದರು ಅಂತ ಹೇಳು. ನಂದಿನ್ನಾ ಮುಗದಿಲ್ಲ.”

ಆ ಒಂದು ಮಾತಿನಿಂದ ನಮ್ಮ ಪೀಳಿಗೆಯ ವಿದ್ಯೆ ಶುರುವಾಯಿತು. ನುಡಿ ಬಂದಾಗ ಯಂತ್ರದ ಲಯ ನಿಲ್ಲಿಸಬೇಕು, ದಮಡಿ ಮತ್ತು ತಾಳ ಮಾತ್ರ ನಡೆಯಬೇಕು. ಹಾಡುಗಾರ ಎಳೆದು ಮುಗಿಸಿ ಮೇಳ ಪಲ್ಲ ಎತ್ತಿಕೊಂಡ ಗಳಿಗೆ ಸರಿಯಾಗಿ ಸಮದ ಮೇಲೆ ಗುಂಡಿ ಒತ್ತಬೇಕು. ಅರ್ಧ ಮಾತ್ರೆ ತಪ್ಪಿದರೆ ಇಡೀ ಕಟ್ಟೆಗೆ ಗೊತ್ತಾಗುತ್ತದೆ. ಹೀಗೆ ಪಲ್ಲ ಯಂತ್ರಕ್ಕೂ ನುಡಿ ಮನುಷ್ಯನಿಗೂ ಹಂಚಿಕೆಯಾಯಿತು. ಮುಗಿತಾಯದ ಗುಂಡಿಯನ್ನು ನಮ್ಮಲ್ಲಿ ಬಲ್ಲವರು ಯಾರೂ ಮುಟ್ಟಲಿಲ್ಲ, ಪದ ಮುಗಿಯಬೇಕಾದದ್ದು ಮೂರು ಸಲ ಮರಳಿ ಸಮಕ್ಕೆ ಬರುವ ತಿಹಾಯಿಯಲ್ಲಿ. ಕಾರ್ಡ್ ಕೂಡ ಬಿಟ್ಟೆವು. ಪದಕ್ಕೆ ಕಾರ್ಡ್ ಬದಲಾವಣೆ ಬೇಕಿಲ್ಲ. ಷಡ್ಜ, ಪಂಚಮ ಒತ್ತಿ ಹಿಡಿದರೆ ಏಕತಾರಿಯ ಕೆಲಸ ಆಯಿತು. ಗಾಂಧಾರ ಸೇರಿಸಿದರೆ ರಾಗದ ಬಾಯಿ ಮುಚ್ಚಿದಂತೆ.

ಬಿಡುವಾದ ಎಡಗೈ ಪಿಚ್ ಚಕ್ರದ ಮೇಲೆ ಹೋಯಿತು. ನಾನು ಅತ್ಯಂತ ಬೆಲೆ ಕೊಡುವ ತಿರುವು ಇದು. ಪೇಟಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವಂತಿಲ್ಲ. ಚಕ್ರವನ್ನು ಬೆರಳತುದಿಯಿಂದ ಅಲುಗಿಸಿದರೆ ಮೀಂಡ್ ಬರುತ್ತದೆ. ಪೇಟಿ ಕಸಿದುಕೊಂಡ ಎಳೆತವನ್ನು ಕೀಬೋರ್ಡು ಹಾಡುಗಾರನಿಗೆ ಮರಳಿ ಕೊಟ್ಟಿತು. ಯಂತ್ರದಿಂದ ತತ್ವಪದ ಕೆಟ್ಟಿತು ಎನ್ನುವವರು ಒಮ್ಮೆ ಇದನ್ನು ಕಿವಿಗೊಟ್ಟು ಕೇಳಬೇಕು. ಕೆಟ್ಟದ್ದೂ ಒಂದಿದೆ: ಶ್ರುತಿ ಬದಲಿಸುವ ಗುಂಡಿ. ಪೇಟಿಯವನು ಹಾಡುಗಾರನ ಸೂರಿಗೆ ತಕ್ಕಂತೆ ಕರಿ ಎರಡರಿಂದಲೋ ಬಿಳಿ ನಾಲ್ಕರಿಂದಲೋ ಹೊರಡಲು ಕಲಿತಿದ್ದ. ಗುಂಡಿ ಬಂದಮೇಲೆ ಬೆರಳು ಒಂದೇ ಮನೆಯಲ್ಲಿ ಕೂತುಬಿಟ್ಟಿತು. ನನ್ನ ಓರಗೆಯವರಲ್ಲಿ ಹಲವರಿಗೆ ಬೇರೆ ಮನೆ ಇಂದಿಗೂ ಅಪರಿಚಿತ.

ಎರಡೂ ಕೈ ಸ್ವರದ ಮೇಲಿದ್ದರೆ ಲಯಕ್ಕೆ ಇನ್ನೊಬ್ಬ ಬೇಕು. ಆ ಜಾಗಕ್ಕೆ ಆಕ್ಟೋಪ್ಯಾಡ್ ಬಂತು. ಅದರಲ್ಲೂ 1998ರ ರೋಲೆಂಡ್ ಎಸ್‌ಪಿಡಿ-20. ಎಂಟು ಪ್ಯಾಡು, ಒಂದೊಂದಕ್ಕೂ ಬೇಕಾದ ನಾದ, ಒಂದರ ಮೇಲೊಂದು ನಾದ ಪೇರಿಸುವ ಸೌಲಭ್ಯ. ಬಾರಿಸುವುದು ಕೈ, ಹಾಗಾಗಿ ನುಡಿಯಿಂದ ನುಡಿಗೆ ಏರುವ ಲಯ ಮತ್ತೆ ಸಾಧ್ಯವಾಯಿತು, ತಿಹಾಯಿಯೂ ಕೈವಶವಾಯಿತು. ಹಲಗೆಯ ಪೆಟ್ಟನ್ನು ಎಲ್ಲಿಡಬೇಕು, ಢೋಲಕಿನ ಗುಮಕಿಗೆ ಯಾವ ನಾದ ಕೂಡಿಸಬೇಕು ಎಂಬುದರ ಮೇಲೆ ನಮ್ಮ ಪ್ಯಾಡಿನವರು ರಾತ್ರಿಗಟ್ಟಲೆ ಜಗಳಾಡಿದ್ದಾರೆ. ಆಳಂದ, ಅಫಜಲಪುರದವರಿಗೆ ಅಕ್ಕಲಕೋಟೆ, ಸೊಲ್ಲಾಪುರ ಹತ್ತಿರ. ಅಲ್ಲಿನ ಮೆರವಣಿಗೆಯ ಬೆಂಜೊ ಪಾರ್ಟಿಯ ಬಿರುಸು ಅವರ ಕೈಯಲ್ಲಿ ಕಾಣುತ್ತದೆ. ಜೇವರ್ಗಿಯವರ ಕೈ ನಿಧಾನ. ನನ್ನ ಒಲವು ಆ ನಿಧಾನದ ಕಡೆಗೇ.

ಪದ ಕಟ್ಟುವ ಕ್ರಮವೂ ಒಂದು ಹದಕ್ಕೆ ಬಂದಿತ್ತು. ಮೊದಲು ಹಾಡುಗಾರ ಯಂತ್ರವಿಲ್ಲದೆ ಪದವನ್ನು ಪೂರ್ತಿ ಹೇಳಬೇಕು. ಅವನ ಉಸಿರು ಎಲ್ಲಿ ನಿಲ್ಲುತ್ತದೆ ನೋಡಿಕೊಂಡು ಆಮೇಲೆ ಲಯ, ಅದಾದ ಮೇಲೆ ನುಡಿಗಳ ನಡುವಿನ ಪೀಸು, ಕಟ್ಟಕಡೆಗೆ ಆರಂಭದ ಸಂಗೀತ. ಪದದ ಭಾರ ತಿಳಿಯದೆ ಆರಂಭ ಕಟ್ಟಿದರೆ ಅದು ಬೇರೆ ಹಾಡಿನ ಬಾಗಿಲಾಗುತ್ತದೆ. ರೋಲೆಂಡಿನ ಎಕ್ಸ್‌ಪಿ-60, ಎಕ್ಸ್‌ಪಿ-80 ಕೀಬೋರ್ಡು ಇದ್ದವರು ಹೀಗೆ ಕಟ್ಟಿದ್ದನ್ನು ಅವುಗಳ ಸೀಕ್ವೆನ್ಸರಿನಲ್ಲಿ ಹಿಡಿದು ಫ್ಲಾಪಿಗೆ ಇಳಿಸುತ್ತಿದ್ದರು.

ಆಮೇಲಿನ ಪೆನ್‌ಡ್ರೈವ್ ಕಾಲದ ಬಗ್ಗೆ ನನ್ನಲ್ಲಿ ಹೆಚ್ಚು ಮಾತಿಲ್ಲ. ಟ್ರ್ಯಾಕು ಮೊದಲೇ ಸಿದ್ಧವಾಗಿ ಬರುತ್ತದೆ, ಪಲ್ಲ ಎಷ್ಟು ಸಲ ಎಂಬುದು ಮೊದಲೇ ಲೆಕ್ಕವಾಗಿರುತ್ತದೆ, ಹಾಡುಗಾರ ಅದರ ಹಿಂದೆ ಓಡುತ್ತಾನೆ. ಪದಕ್ಕೆ ಆದ ನಷ್ಟ ಇಲ್ಲಿದೆ. ಕೀಬೋರ್ಡು, ಪ್ಯಾಡು ಹಿಡಿದ ಕೈಗಳು ವೇದಿಕೆಯಿಂದ ಇಳಿದ ಮೇಲೆ ಆದ ನಷ್ಟವಿದು.

ತತ್ವಪದಗಳ ಸಾಹಿತ್ಯ ಸಂಗ್ರಹಕ್ಕೆ ರಾಜ್ಯದಲ್ಲಿ ದೊಡ್ಡ ಕೆಲಸ ನಡೆದಿದೆ; ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರದ ಸಂಪುಟಗಳು ಮನೆಯಲ್ಲಿರಬೇಕಾದವು. ಆದರೆ ಆ ಪದಗಳು ನಮ್ಮ ಕಾಲದಲ್ಲಿ ಹೇಗೆ ಕೇಳುತ್ತಿದ್ದವು ಎಂಬುದಕ್ಕೆ ಅಂಥ ಸಂಪುಟವಿಲ್ಲ. ಮೊಹರಮ್ಮಿನ ರಿವಾಯತ್ ಪದಕ್ಕೆ, ಅಂಬೇಡ್ಕರ್ ಜಯಂತಿಯ ಭೀಮಗೀತೆಗೆ ಇದೇ ವಾದಕರು ಕಟ್ಟಿದ ಲಯಗಳೂ ಬರಹಕ್ಕೆ ಬಂದಿಲ್ಲ. ಹೆಣ್ಣುಮಕ್ಕಳ ಭಜನಾ ಮೇಳಗಳ ಜೊತೆ ನಾವು ನುಡಿಸಿದ್ದೇವೆ; ಕೀಬೋರ್ಡಿನ ಮುಂದೆ ಕೂತ ಒಬ್ಬ ಹೆಣ್ಣುಮಗಳನ್ನೂ ನಾನು ಕಟ್ಟೆಯ ಮೇಲೆ ಕಾಣಲಿಲ್ಲ. ಅದು ನಮ್ಮ ಪೀಳಿಗೆಯ ತಪ್ಪು.

ಫ್ಲಾಪಿಗೆ ಬೂಸರು ಹಿಡಿಯುತ್ತದೆ. ಹಳೆಯ ಕೀಬೋರ್ಡಿನೊಳಗೆ ನಾಣ್ಯದಷ್ಟು ದೊಡ್ಡ ಸೆಲ್ ಒಂದಿದೆ. ಅದು ಸತ್ತ ದಿನ ವಾದಕ ಕೂಡಿಟ್ಟ ನಾದಗಳೆಲ್ಲ ಅಳಿಸಿಹೋಗುತ್ತವೆ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಅಟ್ಟದ ಮೇಲೆ ಎಕ್ಸ್‌ಪಿ ಕೀಬೋರ್ಡು, ಪ್ಯಾಡು, ಫ್ಲಾಪಿ, ಭಜನೆಯ ಕ್ಯಾಸೆಟ್ಟು ಇಟ್ಟವರು ಗುಜರಿಗೆ ಹಾಕುವ ಮೊದಲು ಒಂದು ಸಲ ನಕಲು ಮಾಡಿಸಿ. ಯಾವ ಪದ, ಯಾವ ಊರು, ಹಾಡಿದವರು ಯಾರು, ಪ್ಯಾಡಿನ ಮೇಲೆ ಯಾರಿದ್ದರು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.