‘ಅಂತೆ’ಯ ಆಟ

ಬಸ್ಸಿನ ಹಿಂದಿನ ಸೀಟಿನಲ್ಲಿದ್ದ ಹುಡುಗ ಫೋನಿನಲ್ಲಿ ಗೆಳೆಯನಿಗೆ ಹೇಳುತ್ತಿದ್ದ: ‘ಭಯ ಏನಿಲ್ಲ ಮಗಾ. ನಾನು ಇಂಟರ್‌ವ್ಯೂ ಕೊಡೋಕೆ ಹೋಗ್ತಿಲ್ಲ, ತಗೊಳ್ಳೋಕೆ ಹೋಗ್ತಿರೋ ಮ್ಯಾನೇಜರ್ ಅಂತೆ!’

ಮೀಸೆ ಬಂದವರ ಬಾಯಲ್ಲಿ ಈ ‘ಅಂತೆ’ ಕೇಳಿ ಎಷ್ಟು ಕಾಲವಾಗಿತ್ತು! ಅಂತೆ ಕಂತೆಗಳ ಸಂತೆ ಎಂದು ನಾವು ಹೀಗಳೆಯುವ ಗಾಳಿಸುದ್ದಿಯ ಅಂತೆಯಲ್ಲ ಇದು. ‘ನಾನು ಟೀಚರ್ ಅಂತೆ, ನೀನು ಹೋಂವರ್ಕ್ ಮಾಡಿಲ್ವಂತೆ’ ಎನ್ನುವ ಮಕ್ಕಳ ಅಂತೆ.

ನನ್ನದೊಂದು ವಾದವಿದೆ, ವ್ಯಾಕರಣ ಬಲ್ಲವರು ನಕ್ಕರೆ ನಗಲಿ. ‘ಹುಲಿಯಂತೆ ಹಾರಿದ’ ಎನ್ನುವಾಗಿನ ಅಂತೆ ಬೇರೆ, ‘ಊರಿಗೆ ಹುಲಿ ಬಂದಿದೆಯಂತೆ’ ಎನ್ನುವಾಗಿನದು ಬೇರೆ ಎನ್ನುತ್ತಾರೆ ಅವರು. ಹಾಗಾದರೆ ಮಂಚದಡಿ ಅಂಬೆಗಾಲಿಟ್ಟು ‘ನಾನು ಹುಲಿಯಂತೆ’ ಎನ್ನುವ ಮಗುವಿನದು ಯಾವುದು? ಎರಡೂ ಆ ಮಂಚದಡಿಯೇ ಒಟ್ಟಿಗೆ ಹುಟ್ಟಿದವು, ದೊಡ್ಡವರು ಆಮೇಲೆ ಪಾಲು ಮಾಡಿದರು ಎಂಬುದು ನನ್ನ ಗುಮಾನಿ. ತನ್ನ ಸುದ್ದಿಯನ್ನೇ ಯಾರೋ ಹೇಳಿದ ಹಾಗೆ ಹೇಳಿಕೊಂಡರೆ ಕಷ್ಟವೂ ಯಾರದೋ ಆಗಿಬಿಡುತ್ತದೆ.

2017ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ‘ಬ್ಯಾಟ್‌ಮನ್ ಪರಿಣಾಮ’ ಎಂದು ಪ್ರಕಟಿಸಿದ್ದೂ ಇದನ್ನೇ. 4 ಮತ್ತು 6 ವರ್ಷದ 180 ಮಕ್ಕಳಿಗೆ 10 ನಿಮಿಷದ ಬೇಸರದ ಕೆಲಸ. ಬೇಕೆಂದಾಗ ಎದ್ದುಹೋಗಿ ಆಡಲು ಪಕ್ಕದಲ್ಲೇ ಐಪ್ಯಾಡ್. ತಾವು ಬ್ಯಾಟ್‌ಮನ್ ಎಂದೋ ರಾಪುಂಜೆಲ್ ಎಂದೋ ಅಂದುಕೊಂಡು, ‘ಬ್ಯಾಟ್‌ಮನ್ ಚೆನ್ನಾಗಿ ದುಡೀತಿದ್ದಾನಾ?’ ಎಂದು ಕೇಳಿಕೊಂಡವರೇ ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸ ಬಿಡದೆ ಕೂತರು. ನಮ್ಮವರಿಗೋ ಇದನ್ನೇ ಯಾರಾದರೂ ಕೋಟು ತೊಟ್ಟು, ವೇದಿಕೆ ಹತ್ತಿ ‘ವಿಷುವಲೈಸೇಶನ್’ ಎಂದರೇ ರುಚಿ. ಅದಕ್ಕೆ ಟಿಕೆಟ್ಟು ಬೇರೆ.

ನನ್ನ ಸೋದರತ್ತೆ ಯಾವ ಟಿಕೆಟ್ಟೂ ಕೊಂಡವಳಲ್ಲ. ಹಬ್ಬದ ಮರುದಿನ ಮುಸುರೆ ರಾಶಿಯೆದುರು ಸೆರಗು ಬಿಗಿದು ಕೂತು, ‘ನಾನು ಕೂಲಿಗೆ ಬಂದವಳಂತೆ’ ಎಂದು ಶುರುಮಾಡುತ್ತಿದ್ದಳು. ಮೊದಲು ಚೌಕಾಸಿ: ‘ಐದು ರೂಪಾಯಿಗೆ ಇಷ್ಟೊಂದು ಪಾತ್ರೆಯೇ ಅಮ್ಮಾವ್ರೇ?’ ಅಮ್ಮಾವ್ರೂ ತಾನೇ. ಮೂಗಿನಲ್ಲಿ ಉತ್ತರ: ‘ಹುಣಸೆಹಣ್ಣು ಬೇರೆ ಕೊಟ್ಟಿಲ್ವೇನೇ?’ ಹಂಡೆ ಉಜ್ಜುವ ಹೊತ್ತಿಗೆ ಕೂಲಿ ಏಳಕ್ಕೇರಿರುತ್ತಿತ್ತು. ಪಾಯಸ ತಳ ಹಿಡಿದ ಪಾತ್ರೆ ಕೈಗೆ ಬಂದರಂತೂ ಮುಷ್ಕರ, ಅಮ್ಮಾವ್ರು ಕೈಮುಗಿಯುವವರೆಗೆ. ಸಂಜೆ ಮಾವ ಚಪ್ಪಲಿ ಬಿಡುವ ಮೊದಲೇ ಕೈಚಾಚಿ ನಿಲ್ಲುವಳು: ‘ಅವಳಿಗೆ ಎಂಟು ರೂಪಾಯಿ ಬಾಕಿಯಂತೆ.’

ರೇಟು ಜಾಸ್ತಿಯಾಯಿತೆಂದು ಗೊಣಗಿಕೊಂಡೇ ಮಾವ ಕೊಡುತ್ತಿದ್ದರು.