ಸ್ಲೇಟಿನ ಗೆರೆ

ಲೆಸ್ಟರಿನಲ್ಲಿ ಮನೆ ಕೊಳ್ಳಲು ಹೊರಟಾಗ, ಗೋಡೆಯ ಶೀತ, ಮರದ ಸ್ಥಿತಿ ಹೇಳುವ ‘ಡ್ಯಾಂಪ್ ಅಂಡ್ ಟಿಂಬರ್’ ವರದಿ ತಂದ ಹೊರತು ಸಾಲವಿಲ್ಲ ಎಂದು ಬ್ಯಾಂಕಿನವರು ಪಟ್ಟುಹಿಡಿದರು. 1890ರ ದಶಕದ ಇಟ್ಟಿಗೆಯ ಸಾಲುಮನೆ. ಪರೀಕ್ಷೆಗೆ ಬಂದಾತ ಶೀತ ಅಳೆಯುವ ಎರಡು ಮುಳ್ಳಿನ ಮೀಟರನ್ನು ಗೋಡೆಗೆ ಒತ್ತಿದಲ್ಲೆಲ್ಲ ಅದು ಕುಂಯ್ ಎಂದಿತು. ಕಾರ್ಪೆಟ್ಟಿನ ಮೂಲೆ ಎತ್ತಿ, ಹಲಗೆ ಕಿತ್ತು, ಕೆಳಗಿನ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದ. ಸಲೀಸಾಗಿ ಒಂದಂಗುಲ ಇಳಿಯಿತು.

ಸಾಗರದ ಕಡೆ ನಮ್ಮಜ್ಜ ಹಳೇ ಮನೆ ನೋಡಲು ಹೋದರೆ ಕಂಬಕ್ಕೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ. ಅಲ್ಲಿ ಮರ ಉತ್ತರ ಹೇಳುತ್ತಿತ್ತು. ಇಂಗ್ಲೆಂಡಿನಲ್ಲಿ ಹುಳುವೇ ಬಡಿಯುತ್ತದೆ. ಓಕ್ ತೊಲೆ ಕೊರೆಯುವ ‘ಡೆತ್‌ವಾಚ್’ ದುಂಬಿ ಜೊತೆಗಾತಿಯನ್ನು ಕರೆಯಲು ಮರಕ್ಕೆ ತಲೆ ಕುಟ್ಟುತ್ತದೆ. ಸಾಯುವವರ ಪಕ್ಕ ರಾತ್ರಿಯಿಡೀ ಎದ್ದು ಕೂತವರಿಗೆ ಆ ಟಕಟಕ ಕೇಳಿಸುತ್ತಿತ್ತು. ಹೆಸರು ಬಂದದ್ದು ಹಾಗೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿಗೆ 1390ರ ದಶಕದಲ್ಲಿ ಕಟ್ಟಲು ತೊಡಗಿದ ಓಕ್ ಮಾಡನ್ನು ಈ ಹುಳು ಒಳಗೊಳಗೇ ತಿಂದಿತ್ತು. 1914ರಲ್ಲಿ ಅದರ ದುರಸ್ತಿಗೆ ನಿಂತ ಫ್ರಾಂಕ್ ಬೇನ್ಸ್ ಮದ್ದು ಕೇಳಿದ್ದು ಹೆರಾಲ್ಡ್ ಮ್ಯಾಕ್ಸ್‌ವೆಲ್ ಲೆಫ್ರಾಯ್ ಎಂಬ ಕೀಟಶಾಸ್ತ್ರಜ್ಞನನ್ನು. ಈತ ನಮ್ಮ ಬಿಹಾರದ ಪೂಸಾದಲ್ಲಿ ಸರ್ಕಾರಿ ಕೀಟತಜ್ಞನಾಗಿದ್ದವನು. 1909ರಲ್ಲಿ ಭಾರತದ ಕೀಟಗಳ ಮೇಲೆ ದಪ್ಪ ಗ್ರಂಥವನ್ನೇ ಬರೆದವನು. ಅವನ ಔಷಧಿಯ ಬಾಟಲಿಯೇ 1925ರಲ್ಲಿ ಕಂಪನಿಯಾಯಿತು. ‘ಎಂಟೋಕಿಲ್’ ಎಂಬ ಹೆಸರು ಸಿಗದೆ ಮುಂದೊಂದು ‘ರ’ಕಾರ ಸೇರಿಸಿ ರೆಂಟೋಕಿಲ್ ಎಂದಿಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ, ಕೀಟ ಕೊಲ್ಲುವ ಅನಿಲದ ಪ್ರಯೋಗ ಮಾಡುತ್ತಿದ್ದ ಲೆಫ್ರಾಯ್ ಅದೇ ಅನಿಲ ಕುಡಿದು ಸತ್ತ.

ನಮ್ಮ ತೊಲೆಯಲ್ಲಿ ಹುಳುವಿರಲಿಲ್ಲ, ಬರೀ ಶೀತ. ಗೋಡೆಗೆ ಸಾಲಾಗಿ ತೂತು ಕೊರೆದು ರಾಸಾಯನಿಕ ತುಂಬಬೇಕೆಂದು ವರದಿ ಬಂತು. ಪರೀಕ್ಷೆ ಪುಕ್ಕಟೆ, ಮದ್ದು ಪರೀಕ್ಷೆ ಮಾಡಿದವರದೇ ಅಂಗಡಿಯದು. ಅನುಮಾನ ಆಗಲೇ ಬರಬೇಕಿತ್ತು.

ಇಟ್ಟಿಗೆ ನೆಲದ ನೀರನ್ನು ದೀಪದ ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತದೆ. ಅದಕ್ಕೇ 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ಬೆನ್ನಿಗೆ, 1877ರ ಮಾದರಿ ನಿಯಮಗಳು ಹೊಸ ಮನೆಗಳ ಗೋಡೆಯ ಬುಡದಲ್ಲಿ ನೀರು ತಡೆಯುವ ಪದರ ಇರಬೇಕೆಂದವು. ನಮ್ಮ ಮನೆಯಂಥವಕ್ಕೆ ಅದು ಸ್ಲೇಟು. ಜೊತೆಗೆ ನೆಲಹಲಗೆಯ ಕೆಳಗೆ ಗಾಳಿಯಾಡಲು ತೂತಿನ ಇಟ್ಟಿಗೆ, ಕೋಣೆಗೊಂದು ಬೆಂಕಿಗೂಡು, ಉಸಿರಾಡುವ ಸುಣ್ಣದ ಗಾರೆ. ಆಮೇಲೆ ಬಂದವರು ಗೂಡು ಮುಚ್ಚಿದರು, ಸಿಮೆಂಟು ಬಳಿದರು. ಕಳ್ಳ ಸಿಮೆಂಟೇ ಎಂದುಕೊಂಡೆ.

ಹಿತ್ತಲಿಗೆ ಹೋಗಿ ಸ್ಲೇಟು ಹುಡುಕಿದೆ. ಕಾಣಲಿಲ್ಲ. ಗೋಡೆಗೊರಗಿ ಹೂವಿನ ಪಾತಿ, ಮೊಣಕಾಲುದ್ದ ಮಣ್ಣು. ಎರಡು ಶನಿವಾರ ಗುದ್ದಲಿ ಹಿಡಿದೆ. ಮೊದಲು ಮಣ್ಣು ಕಟ್ಟಿದ ಗಾಳಿ ಇಟ್ಟಿಗೆ, ಅದರ ಬುಡದಲ್ಲಿ ಎರಡು ಇಟ್ಟಿಗೆಯ ನಡುವೆ ಕಪ್ಪನೆಯ ತೆಳು ಗೆರೆ, ಉಗುರಿನಷ್ಟು ದಪ್ಪ. ಎಲ್ಲೂ ಒಡೆದಿರಲಿಲ್ಲ; ನೀರು ಹತ್ತಿದ್ದು ಅದನ್ನು ದಾಟಿ ಮೇಲೆ ನಿಂತ ಮಣ್ಣಿನಿಂದ. ತೊಲೆಯ ತುದಿ ಬದಲಿಸಿದ್ದಾಯಿತು. ಗೋಡೆ ಒಣಗಲು ಒಂದೂವರೆ ವರ್ಷ ಹಿಡಿಯಿತು.

ಪಕ್ಕದ ಮನೆಯಾಕೆಯ ಗುಲಾಬಿ ಪಾತಿ ಇವತ್ತಿಗೂ ಸ್ಲೇಟಿಗಿಂತ ನಾಲ್ಕಂಗುಲ ಮೇಲಿದೆ. ಹೇಳಲು ಧೈರ್ಯ ಸಾಲದು, ಗುಲಾಬಿ ಚೆನ್ನಾಗಿ ಬಿಡುತ್ತದೆ.